ಅರ್ಧ ಚಾನೆಲ್ ಬರುತ್ತೆ, ಅರ್ಧ ಬರಲ್ಲ: ಡಿಶ್ ತೊಂದರೆ ಹುಡುಕುವುದು ಹೇಗೆ?

ಕಳೆದ ಜೂನ್‌ನಲ್ಲಿ ಅಮ್ಮ ಊರಿಂದ ಫೋನ್ ಮಾಡಿದರು. ತೀರ್ಥಹಳ್ಳಿ ಹತ್ತಿರ ನಮ್ಮ ಮನೆ, ಸುತ್ತ ಅಡಿಕೆ ತೋಟ. "ಟೀವಿ ಬರ್ತಿಲ್ಲ ಕಣೋ, ನಾಲ್ಕು ದಿನ ಆಯ್ತು" ಎಂದರು. ಮಳೆ ಶುರುವಾದರೆ ನಮ್ಮ ಕಡೆ ಇದು ಮಾಮೂಲಿ ಮಾತು. ಏನೂ ಬರ್ತಿಲ್ವಾ ಎಂದು ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದರು: "ಚಂದನ ಬರುತ್ತೆ. ನ್ಯೂಸು ಕೆಲವು ಬರುತ್ತೆ. ನಾನು ಧಾರಾವಾಹಿ ನೋಡೋದು ಯಾವುದೂ ಬರಲ್ಲ. ಮಳೆ ನಿಂತರೂ ಬರಲ್ಲ."

ಆ ಉತ್ತರ ಕೇಳಿದ ಮೇಲೆ ತೊಂದರೆ ಎಲ್ಲಿದೆ ಎಂದು ಹೆಚ್ಚುಕಡಿಮೆ ಅಂದಾಜಾಯಿತು. ಮಳೆಯದ್ದಲ್ಲ. ಡಿಶ್ ತಿರುಗಿದ್ದೂ ಇರಲಿಕ್ಕಿಲ್ಲ. ಕೇಬಲ್ಲು, ಇಲ್ಲವೇ ಡಿಶ್ ಮುಂದೆ ಚಾಚಿಕೊಂಡಿರುವ ಎಲ್‌ಎನ್‌ಬಿ. ಇದನ್ನು ಊಹಿಸೋದಕ್ಕೆ ಎಂಜಿನಿಯರ್ ಆಗಬೇಕಿಲ್ಲ. ಯಾವ ಚಾನೆಲ್ ಹೋಗಿದೆ, ಯಾವುದು ಉಳಿದಿದೆ, ಯಾವ ಹೊತ್ತಲ್ಲಿ ಹೋಯಿತು ಎಂದು ನೋಡಿದರೆ ಕೆಟ್ಟ ಜಾಗ ತಾನಾಗೇ ತೋರುತ್ತದೆ. ನಾವು ಮಾತ್ರ "ಟೀವಿ ಬರ್ತಿಲ್ಲ" ಎಂಬ ಒಂದೇ ಮಾತಲ್ಲಿ ಎಲ್ಲವನ್ನೂ ಮುಗಿಸಿಬಿಡುತ್ತೇವೆ.

ಮೊದಲು ಸಿಗ್ನಲ್ ಬರುವ ದಾರಿ ನೋಡೋಣ. ಚಾನೆಲ್‌ಗಳೆಲ್ಲ ಭೂಮಿಯ ಮೇಲಿನ ಒಂದು ಕೇಂದ್ರದಿಂದ ಮೇಲಕ್ಕೆ ಹೋಗುತ್ತವೆ. ದೂರದರ್ಶನದ ಉಚಿತ ಸೇವೆಯಾದ ಡಿಡಿ ಫ್ರೀ ಡಿಶ್‌ನದು ಹೋಗುವುದು ದೆಹಲಿಯ ಟೋಡಾಪುರದಿಂದ. ಸಮಭಾಜಕ ರೇಖೆಯ ಮೇಲೆ, ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹ ಇರುತ್ತದೆ. ಅಷ್ಟು ಎತ್ತರದಲ್ಲಿ ಒಂದು ಸುತ್ತು ಹಾಕಲು ಅದಕ್ಕೆ ಭೂಮಿ ಒಮ್ಮೆ ತಿರುಗುವಷ್ಟೇ ಹೊತ್ತು ಬೇಕು. ಅದಕ್ಕೇ ನಮಗೆ ಅದು ಆಕಾಶದಲ್ಲಿ ಒಂದೇ ಕಡೆ ನಿಂತ ಹಾಗೆ. ಡಿಶ್ಶನ್ನು ಒಮ್ಮೆ ಗುರಿ ಹಿಡಿದು ಬಿಗಿದರೆ ಸಾಕು. ಫ್ರೀ ಡಿಶ್ ಬರುವ ಜಿಸ್ಯಾಟ್-15 ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿದೆ. ಇಸ್ರೋದ ಇಂಥ ಉಪಗ್ರಹಗಳು ಜಾಗ ಬಿಟ್ಟು ಸರಿಯದ ಹಾಗೆ ನೋಡಿಕೊಳ್ಳುವ ಕೇಂದ್ರ ನಮ್ಮ ಹಾಸನದಲ್ಲೇ ಇದೆ, 1982ರಿಂದ.

ಅಲ್ಲಿಂದ ಕೆಳಗೆ ಬರುವಷ್ಟರಲ್ಲಿ ಸಿಗ್ನಲ್ ತುಂಬಾ ಬಡಕಲಾಗಿರುತ್ತದೆ. ಡಿಶ್ ಅದನ್ನು ಒಟ್ಟುಮಾಡಿ ಎಲ್‌ಎನ್‌ಬಿ ಬಾಯಿಗೆ ಹಾಕುತ್ತದೆ. ಎಲ್‌ಎನ್‌ಬಿ ಅದನ್ನು ಜೋರು ಮಾಡುತ್ತದೆ, ಮತ್ತೆ ಅದರ ಕಂಪನವನ್ನು (ಫ್ರೀಕ್ವೆನ್ಸಿ) 11–12 ಗಿಗಾಹರ್ಟ್ಸ್‌ನಿಂದ 950–2150 ಮೆಗಾಹರ್ಟ್ಸ್‌ಗೆ ಇಳಿಸುತ್ತದೆ. ಇಳಿಸದೆ ಹಾಗೇ ಬಿಟ್ಟರೆ ಕೇಬಲ್ಲೇ ಅದನ್ನು ನುಂಗಿಬಿಡುತ್ತದೆ.

ಈಗ ಹೇಳುವ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಆ ಕೇಬಲ್ಲಿನಲ್ಲಿ ಸಿಗ್ನಲ್ ಕೆಳಗೆ ಬರುವುದಷ್ಟೇ ಅಲ್ಲ, ಕರೆಂಟ್ ಮೇಲಕ್ಕೂ ಹೋಗುತ್ತದೆ. ಎಲ್‌ಎನ್‌ಬಿಗೆ ಬೇರೆ ಪ್ಲಗ್ ಇಲ್ಲವಲ್ಲ. ಸೆಟ್ ಟಾಪ್ ಬಾಕ್ಸೇ ಕೇಬಲ್ ಮೂಲಕ ಅದಕ್ಕೆ ಕರೆಂಟ್ ಕೊಡುತ್ತದೆ. ಆ ಕರೆಂಟಿನಲ್ಲೇ ಒಂದು ಸೂಚನೆಯೂ ಇದೆ. ಬಾವಿ ಹಗ್ಗವನ್ನು ಮೇಲೆ ಕೆಳಗೆ ಅಲ್ಲಾಡಿಸಬಹುದು, ಎಡಕ್ಕೆ ಬಲಕ್ಕೂ ಅಲ್ಲಾಡಿಸಬಹುದು ಅಲ್ವಾ? ಉಪಗ್ರಹದ ಅಲೆಗಳೂ ಹಾಗೇ ಎರಡು ಬಗೆಯಲ್ಲಿ ಕುಣಿಯುತ್ತಾ ಬರುತ್ತವೆ. ಕೆಲವು ಚಾನೆಲ್ ನೆಟ್ಟಗಿನ ಅಲೆಯಲ್ಲಿ, ಕೆಲವು ಅಡ್ಡ ಅಲೆಯಲ್ಲಿ. ನೆಟ್ಟಗಿನದು ಬೇಕಾದಾಗ ಬಾಕ್ಸ್ 13 ವೋಲ್ಟ್ ಕಳಿಸುತ್ತದೆ. ಅಡ್ಡದ್ದು ಬೇಕಾದರೆ 18 ವೋಲ್ಟ್. ಹೆಚ್ಚಿನ ಕಂಪನದ ಚಾನೆಲ್‌ಗಳು ಬೇಕಾದಾಗ ಜೊತೆಗೆ 22 ಕಿಲೋಹರ್ಟ್ಸ್‌ನ ಸಣ್ಣ ಮಿಡಿತವನ್ನೂ ಸೇರಿಸುತ್ತದೆ. ನಾವು ರಿಮೋಟ್ ಒತ್ತಿದಾಗಲೆಲ್ಲ ಛಾವಣಿ ಮೇಲೆ ಈ ಬದಲಾವಣೆ ನಡೆಯುತ್ತಲೇ ಇರುತ್ತದೆ.

ಅಮ್ಮನ ಮನೆಯಲ್ಲಿ ಆಗಿದ್ದು ಇದೇ. ವಾರಾಂತ್ಯಕ್ಕೆ ಊರಿಗೆ ಹೋದಾಗ ಮೊದಲು ಬಾಕ್ಸಿನ ಪ್ಲಗ್ ಕಿತ್ತೆ. ಇದನ್ನು ಮರೆಯಬೇಡಿ. ಕರೆಂಟ್ ಇರುವಾಗ ಕೇಬಲ್ ಬಿಚ್ಚಿ ಒಳಗಿನ ತಂತಿ ಹೊರಗಿನ ಜಾಲರಿಗೆ ತಾಗಿದರೆ ಬಾಕ್ಸೇ ಕೆಡಬಹುದು. ಆಮೇಲೆ ಮಹಡಿಗೆ ಹೋಗಿ ಎಲ್‌ಎನ್‌ಬಿಯ ಕೇಬಲ್ ತುದಿಯ ಪಿನ್ ತಿರುಗಿಸಿದೆ. ಬಿಚ್ಚಿಕೊಳ್ಳುವ ಮೊದಲೇ ಅಂಗೈ ಮೇಲೆ ಒಂದು ಹನಿ ನೀರು ಬಿತ್ತು. ಕೇಬಲ್ಲಿನ ನಡುವಿನ ತಾಮ್ರದ ತಂತಿ ಹೊಳೆಯುತ್ತಿರಬೇಕು. ಇಲ್ಲಿ ಕಪ್ಪಾಗಿತ್ತು, ಬುಡದಲ್ಲಿ ಪಾಚಿಯಂಥ ಹಸಿರು. ಸುತ್ತಲಿನ ಜಾಲರಿ ಮುಟ್ಟಿದರೆ ಬಿಳಿ ಪುಡಿಯಾಗಿ ಉದುರುತ್ತಿತ್ತು. ಬಾಕ್ಸ್ 18 ವೋಲ್ಟನ್ನೇ ಕಳಿಸುತ್ತಿತ್ತು. ಆದರೆ ತುಕ್ಕು ದಾಟಿ ಮೇಲೆ ಮುಟ್ಟುತ್ತಿದ್ದದ್ದು ಕಡಿಮೆ. ಎಲ್‌ಎನ್‌ಬಿ ಅದನ್ನು 13 ಎಂದೇ ತಿಳಿದು ನೆಟ್ಟಗಿನ ಅಲೆಗಳನ್ನಷ್ಟೇ ಕೊಡುತ್ತಿತ್ತು. ಹಾಗಾಗಿ ಚಂದನ ಬಂತು, ಧಾರಾವಾಹಿ ಹೋಯಿತು.

ಹಾಳಾದ ತುದಿಯನ್ನು ಒಂದು ಗೇಣು ಕತ್ತರಿಸಿ ಹೊಸ ಪಿನ್ ಹಾಕಿದೆ. ಕತ್ತರಿಸಿದ ಜಾಗದಲ್ಲೂ ಒಳಗೆ ಕಪ್ಪಿದ್ದರೆ ಇನ್ನೂ ಹಿಂದಕ್ಕೆ ಕತ್ತರಿಸಬೇಕು. ನೀರು ಕೇಬಲ್ ಒಳಗೇ ಮೀಟರುಗಟ್ಟಲೆ ಇಳಿದಿರುತ್ತದೆ, ಆಗ ಕೇಬಲ್ಲನ್ನೇ ಬದಲಾಯಿಸುವುದು ಒಳ್ಳೆಯದು. ಜಾಲರಿಯ ಒಂದು ಎಳೆಯೂ ನಡುವಿನ ತಂತಿಗೆ ತಾಗಬಾರದು. ಪಿನ್ನಿನ ಮೇಲೆ ರಬ್ಬರ್ ಟೇಪನ್ನು ಎಳೆದು ಎಳೆದು ಕೆಳಗಿನಿಂದ ಮೇಲಕ್ಕೆ ಸುತ್ತಿದೆ. ಹಾಗೆ ಸುತ್ತಿದರೆ ಹೆಂಚು ಹೊದಿಸಿದ ಹಾಗೆ ಮೇಲಿನ ಸುತ್ತು ಕೆಳಗಿನದರ ಮೇಲೆ ಕೂರುತ್ತದೆ, ನೀರು ಒಳಗೆ ಹೋಗುವುದಿಲ್ಲ. ಮಾಮೂಲಿ ಕಪ್ಪು ಇನ್ಸುಲೇಶನ್ ಟೇಪು ಒಂದು ಬೇಸಿಗೆಗೇ ಅಂಟು ಬಿಡುತ್ತದೆ. ಕೊನೆಗೆ ಕೇಬಲ್ಲನ್ನು ಎಲ್‌ಎನ್‌ಬಿ ಕೆಳಗೆ ಒಮ್ಮೆ ಜೋತುಬೀಳುವ ಹಾಗೆ ಬಿಟ್ಟು ಕಟ್ಟಿದೆ. ನೀರು ಆ ಜೋತಿನ ತಳದಲ್ಲೇ ತೊಟ್ಟಿಕ್ಕುತ್ತದೆ, ಪಿನ್ ಕಡೆಗೋ ಮನೆಯೊಳಕ್ಕೋ ಹರಿಯುವುದಿಲ್ಲ. ಗೋಡೆಗೆ ಕೇಬಲ್ ಒಳಹೋಗುವ ತೂತಿನ ಹೊರಗೂ ಹೀಗೇ ಒಂದು ಜೋತು ಬೇಕು. ಪ್ಲಗ್ ಹಾಕಿದ ಮೇಲೆ ಎಲ್ಲ ಚಾನೆಲ್ಲೂ ಬಂದವು. ನಮ್ಮ ಕಡೆ ಮಳೆಗಾಲದಲ್ಲಿ ಬರುವ ಡಿಶ್ ತೊಂದರೆಗಳಲ್ಲಿ ಬಹಳಷ್ಟು ಈ ಒಂದು ಪಿನ್ನಿನದ್ದೇ ಎಂಬುದು ನನ್ನ ಅನುಭವ.

ಅರ್ಧ ಹೋಗುವುದರ ಕಥೆ ಇದು. ಏನೂ ಬರದಿದ್ದರೆ? ಆಗ ಛಾವಣಿ ಹತ್ತುವ ಮೊದಲು ರಿಮೋಟಿನಲ್ಲಿ ಮೆನು ಒತ್ತಿ. ಬಾಕ್ಸಿನ ಮೆನು ಪರದೆ ಮೇಲೆ ಬಂದರೆ ಬಾಕ್ಸ್ ಮತ್ತು ಟೀವಿ ನಡುವಿನ ಸಂಪರ್ಕ ಸರಿಯಿದೆ, ತೊಂದರೆ ಡಿಶ್ ಕಡೆ. ಮೆನುವೂ ಬರದಿದ್ದರೆ ಡಿಶ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಯಾರೋ ಟೀವಿಯ ರಿಮೋಟಿನಲ್ಲಿ ಎಚ್‌ಡಿಎಂಐ ಬದಲು ಬೇರೆ ಇನ್ಪುಟ್ ಒತ್ತಿರಬಹುದು, ಬಾಕ್ಸಿನ ಅಡಾಪ್ಟರ್ ಸತ್ತಿರಬಹುದು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಮೊದಲು ಇನ್ಪುಟ್ ನೋಡಿ.

ಮೆನು ಬರುತ್ತದೆ ಎಂದಾದರೆ ಅದರೊಳಗೆ ಸಿಗ್ನಲ್ ಎಂಬ ಒಂದು ಪುಟ ಇರುತ್ತದೆ. ಕೆಲವು ಬಾಕ್ಸುಗಳಲ್ಲಿ ಸೆಟ್ಟಿಂಗ್ಸ್ ಒಳಗೆ, ಕೆಲವದರಲ್ಲಿ ಇನ್‌ಸ್ಟಾಲೇಶನ್ ಒಳಗೆ. ಅಲ್ಲಿ ಎರಡು ಪಟ್ಟಿ ಕಾಣುತ್ತವೆ: ಸ್ಟ್ರೆಂತ್, ಕ್ವಾಲಿಟಿ. ಇವೆರಡೂ ಒಂದೇ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಜಾತ್ರೆಯಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಕಿವಿಗೆ ಬೀಳುವ ಒಟ್ಟು ಸದ್ದು ಎಷ್ಟು ಅನ್ನುವುದು ಸ್ಟ್ರೆಂತ್. ಪಕ್ಕದವರು ಹೇಳಿದ್ದು ನಿಮಗೆ ಅರ್ಥವಾಯಿತಾ ಅನ್ನುವುದು ಕ್ವಾಲಿಟಿ. ಸದ್ದು ಜೋರಾಗಿದ್ದೂ ಮಾತು ತಿಳಿಯದೇ ಇರಬಹುದು.

ಹಾಗಾಗಿ ಎರಡೂ ಸೊನ್ನೆ ಇದ್ದರೆ ಬಾಕ್ಸಿಗೆ ಎಲ್‌ಎನ್‌ಬಿ ಕಡೆಯಿಂದ ಏನೂ ಬರುತ್ತಿಲ್ಲ ಎಂದರ್ಥ. ಕೇಬಲ್ ತುಂಡಾಗಿದೆ, ಪಿನ್ ಕಳಚಿದೆ ಅಥವಾ ಎಲ್‌ಎನ್‌ಬಿ ಸತ್ತಿದೆ. ಇಲಿ ಅಳಿಲು ಕೇಬಲ್ ಕಡಿಯುವುದು ತೋಟದ ಮನೆಗಳಲ್ಲಿ ಸಾಮಾನ್ಯ. ಸ್ಟ್ರೆಂತ್ ಚೆನ್ನಾಗಿದ್ದು ಕ್ವಾಲಿಟಿ ಸೊನ್ನೆ ಅಂದರೆ ಕೇಬಲ್ಲು, ಎಲ್‌ಎನ್‌ಬಿ ಜೀವಂತ ಇವೆ, ಆದರೆ ಡಿಶ್ ತಪ್ಪು ಕಡೆ ನೋಡುತ್ತಿದೆ ಅಥವಾ ಏನೋ ಅಡ್ಡ ಬಂದಿದೆ. ಎರಡೂ ಚೆನ್ನಾಗಿದ್ದು ಒಂದು ಚಾನೆಲ್ ಮಾತ್ರ ಬರದಿದ್ದರೆ ನಿಮ್ಮ ಛಾವಣಿಯಲ್ಲಿ ಏನೂ ಕೆಟ್ಟಿಲ್ಲ. ದಯವಿಟ್ಟು ಡಿಶ್ ಮುಟ್ಟಬೇಡಿ.

ಇನ್ನೊಂದು ವಿಷಯ. ಹಳೆಯ ಆಂಟೆನಾ ಕಾಲದಲ್ಲಿ ಸಿಗ್ನಲ್ ಕಮ್ಮಿಯಾದರೆ ಚಿತ್ರ ಮೆಲ್ಲಗೆ ಮಸುಕಾಗುತ್ತಿತ್ತು. ಅಕ್ಕಿ ಚೆಲ್ಲಿದ ಹಾಗೆ ಚುಕ್ಕಿ ಬಂದರೂ ಕ್ರಿಕೆಟ್ ನೋಡುತ್ತಿದ್ದೆವು. ಡಿಜಿಟಲ್‌ನಲ್ಲಿ ಹಾಗಿಲ್ಲ. ಕಳಿಸುವಾಗಲೇ ತಪ್ಪು ತಿದ್ದಿಕೊಳ್ಳಲು ಒಂದಿಷ್ಟು ಹೆಚ್ಚಿನ ಮಾಹಿತಿ ಸೇರಿಸಿರುತ್ತಾರೆ. ಸಿಗ್ನಲ್ ಸ್ವಲ್ಪ ಕೆಟ್ಟರೂ ಬಾಕ್ಸ್ ತಿದ್ದಿಕೊಂಡು ಪೂರ್ತಿ ಚಂದದ ಚಿತ್ರ ಕೊಡುತ್ತದೆ. ತಿದ್ದಲಾಗದಷ್ಟು ಕೆಟ್ಟ ಕೂಡಲೇ ಚಿತ್ರ ಚೌಕ ಚೌಕವಾಗಿ ಒಡೆದು ಪೂರ್ತಿ ಹೋಗುತ್ತದೆ. ನಡುವೆ ಏನೂ ಇಲ್ಲ. ಚಿತ್ರ ಚೆನ್ನಾಗಿದೆ ಅಂದ ಮಾತ್ರಕ್ಕೆ ಸಿಗ್ನಲ್ ಗಟ್ಟಿಯಾಗಿದೆ ಎಂದು ತಿಳಿಯಬಾರದು, ಅದು ಕಟ್ಟೆಯ ಅಂಚಿನಲ್ಲೇ ನಿಂತಿರಬಹುದು. ಡಿಶ್ ಒಂದು ಕೂದಲೆಳೆ ಸರಿದು, ಪಿನ್ ತುಕ್ಕು ಹಿಡಿದು ವರ್ಷ ಕಳೆದರೂ ಟೀವಿ ಬರುತ್ತಲೇ ಇರುತ್ತದೆ. ಆಮೇಲೆ ಒಂದು ತುಂತುರು ಮಳೆ ಬಂದಾಗ ಹೋಗುತ್ತದೆ. ನಾವು ಮಳೆಯನ್ನು ಬೈಯುತ್ತೇವೆ.

ಮಳೆಗೆ ನಿಜವಾದ ಪಾಲೂ ಇದೆ. ಈ ಅಲೆಗಳ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ದಪ್ಪ ಮಳೆಹನಿಗಳು ಅಷ್ಟು ಸಣ್ಣ ಅಲೆಯನ್ನು ಹೀರುತ್ತವೆ, ಚದುರಿಸುತ್ತವೆ. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ದಿನಕ್ಕೆ ಎಷ್ಟು ಮಳೆ ಅನ್ನುವುದಲ್ಲ, ಆ ಗಳಿಗೆಯಲ್ಲಿ ಎಷ್ಟು ಜೋರು ಅನ್ನುವುದು. ಆಷಾಢದಲ್ಲಿ ಮೂರು ದಿನ ಬಿಡದೆ ಜಿಟಿಜಿಟಿ ಸುರಿಯುವ ಮಳೆಗೆ ಸರಿಯಾಗಿ ಕೂರಿಸಿದ ಡಿಶ್ ತಡೆದುಕೊಳ್ಳುತ್ತದೆ. ಮೇ ತಿಂಗಳ ಸಂಜೆ ಗುಡುಗಿನ ಜೊತೆ ಬರುವ ದಪ್ಪ ಹನಿಯ ಮಳೆ ಹತ್ತೇ ನಿಮಿಷ ಇದ್ದರೂ ಚಾನೆಲ್ ಹೋಗುತ್ತದೆ. ಅದಕ್ಕೆ ರಿಪೇರಿ ಇಲ್ಲ, ಕಾಯಬೇಕು ಅಷ್ಟೇ. ತೀರಾ ತೊಂದರೆಯಾದರೆ ದೊಡ್ಡ ಡಿಶ್ ಹಾಕಿಸಬಹುದು. ಮಾಮೂಲಿ 60 ಸೆಂಟಿಮೀಟರ್ ಬದಲು 90ರದ್ದು ಹಾಕಿದರೆ ಎರಡು ಪಟ್ಟಿಗಿಂತ ಜಾಸ್ತಿ ಸಿಗ್ನಲ್ ಸಿಗುತ್ತದೆ. ಮಲೆನಾಡು, ಕರಾವಳಿಯ ಮನೆಗಳಿಗೆ ಇದು ನಿಜಕ್ಕೂ ಯೋಗ್ಯ ಖರ್ಚು.

ಮಳೆ ಬರುವ ಮೊದಲೇ ಟೀವಿ ಹೋಯಿತು ಎಂದು ಕೆಲವರು ಹೇಳುತ್ತಾರೆ. ಅದು ಸುಳ್ಳಲ್ಲ. ಬೆಂಗಳೂರಿನಿಂದ ನೋಡಿದರೆ 93.5 ಡಿಗ್ರಿಯ ಉಪಗ್ರಹ ಆಗ್ನೇಯ ದಿಕ್ಕಿನಲ್ಲಿ, ನೆಲದಿಂದ ಸುಮಾರು 66 ಡಿಗ್ರಿ ಮೇಲೆ ಇದೆ. ಮಳೆಹನಿ ಇರುವ ಎತ್ತರ ಐದು ಕಿಲೋಮೀಟರ್ ಎಂದು ಲೆಕ್ಕ ಹಾಕಿದರೆ, ನಿಮ್ಮ ಸಿಗ್ನಲ್ ಮನೆಯಿಂದ ಆಗ್ನೇಯಕ್ಕೆ ಎರಡು ಕಿಲೋಮೀಟರ್ ಆಚೆಯ ಮಳೆಯೊಳಗಿಂದ ಇಳಿದು ಬರುತ್ತಿದೆ. ನಿಮ್ಮ ಅಂಗಳ ಒಣಗಿದ್ದರೂ ಅಲ್ಲಿ ಹೊಡೆಯುತ್ತಿರುವ ಮಳೆ ಚಾನೆಲ್ ಕೆಡಿಸುತ್ತದೆ.

ಇದೇ 66 ಡಿಗ್ರಿ ಮರಗಳ ವಿಷಯದಲ್ಲೂ ಮುಖ್ಯ. ನಮ್ಮ ಡಿಶ್ಶುಗಳ ಎಲ್‌ಎನ್‌ಬಿ ನಡುವಿನಲ್ಲಿಲ್ಲ, ಕೆಳಗಿನ ತೋಳಿನ ತುದಿಯಲ್ಲಿದೆ. ಹಾಗಾಗಿ ಡಿಶ್ ಮುಖ ಎತ್ತಿರುವ ಕಡೆಗಿಂತ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಮೇಲಕ್ಕೆ ಅದರ ನೋಟ ಇರುತ್ತದೆ. ಎದುರಿನ ಕಟ್ಟಡ ಅಡ್ಡ ಬಂದ ಹಾಗೆ ಕಂಡರೂ ಎಷ್ಟೋ ಸಲ ಅಡ್ಡ ಇರುವುದಿಲ್ಲ. ಆದರೆ ಪಕ್ಕದಲ್ಲೇ ಎತ್ತರದ ಮರ ಇದ್ದರೆ ಕಷ್ಟ. ಆಗ್ನೇಯಕ್ಕೆ ನಾಲ್ಕು ಮೀಟರ್ ದೂರದಲ್ಲಿ ಮರ ಇದೆ ಎನ್ನಿ. ಅದು ಡಿಶ್‌ಗಿಂತ ಒಂಬತ್ತು ಮೀಟರ್ ಎತ್ತರ ಬೆಳೆದರೆ ದಾರಿಗೆ ಅಡ್ಡ ಬಂತು. ಡಿಶ್ ಹಾಕಿಸಿದ ವರ್ಷ ಅಡಿಕೆ ಸಸಿ ಸಣ್ಣದಿರುತ್ತದೆ. ಕೆಲವೇ ವರ್ಷಕ್ಕೆ ಅದರ ಸೋಗೆ ಸಿಗ್ನಲ್ ದಾರಿಯಲ್ಲಿ ಅಲ್ಲಾಡುತ್ತದೆ. ಗಾಳಿ ಬಂದಾಗ ಮಾತ್ರ ಚಿತ್ರ ಒಡೆಯುತ್ತದೆ, ಸೋಗೆ ಒದ್ದೆಯಿದ್ದರೆ ಇನ್ನೂ ಜಾಸ್ತಿ ಅನ್ನುವುದಾದರೆ ಮರದ ಕಡೆ ನೋಡಿ.

ಡಿಶ್ಶೇ ಸರಿದಿದ್ದರೆ? ನಮ್ಮ ಮನೆಯಲ್ಲಿ ಒಮ್ಮೆ ಮಂಗಗಳು ಅದರ ಮೇಲೆ ಜೋತುಬಿದ್ದು ತಿರುಗಿಸಿದ್ದವು. 60 ಸೆಂಟಿಮೀಟರ್ ಡಿಶ್ ಆಕಾಶದಲ್ಲಿ ಸುಮಾರು ಮೂರು ಡಿಗ್ರಿ ಅಗಲದ ಜಾಗವನ್ನಷ್ಟೇ ಚೆನ್ನಾಗಿ ನೋಡಬಲ್ಲದು. ಅಂಚಿನಲ್ಲಿ ಐದು ಮಿಲಿಮೀಟರ್ ಸರಿದರೆ ಒಂದು ಡಿಗ್ರಿ ಹೋಯಿತು. ಒಂದು ಬೆರಳಗಲ ಸರಿದರೆ ಮೂರು ಡಿಗ್ರಿ, ಉಪಗ್ರಹವೇ ಕೈತಪ್ಪಿತು. ಪಕ್ಕದಲ್ಲಿ ಬೇರೆ ಉಪಗ್ರಹಗಳೂ ಇವೆ. 93.5ರ ಆಚೆ 95 ಡಿಗ್ರಿಯಲ್ಲಿ ಮತ್ತೊಂದು ಡಿಟಿಎಚ್ ಸೇವೆಯದ್ದೇ ಇದೆ. ಡಿಶ್ ಅದರ ಕಡೆ ತಿರುಗಿದರೆ ಸ್ಟ್ರೆಂತ್ ತುಂಬಾ ಕಾಣುತ್ತದೆ, ಚಾನೆಲ್ ಮಾತ್ರ ಬರುವುದಿಲ್ಲ.

ಸರಿ ಮಾಡಲು ತಾಳ್ಮೆ ಬೇಕು. ಒಬ್ಬರು ಟೀವಿ ಮುಂದೆ ಕ್ವಾಲಿಟಿ ಪಟ್ಟಿ ನೋಡುತ್ತಾ ಕೂರಬೇಕು. ಮೇಲಿರುವವರು ಒಂದೊಂದು ಮಿಲಿಮೀಟರ್ ಸರಿಸಿ ಮೂರು ಸೆಕೆಂಡ್ ಕಾಯಬೇಕು, ಏಕೆಂದರೆ ಬಾಕ್ಸ್ ಹೊಸ ಸಿಗ್ನಲ್ ಹಿಡಿಯಲು ಅಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಸರಸರ ತಿರುಗಿಸುವವರಿಗೆ ಸರಿಯಾದ ಜಾಗ ದಾಟಿ ಹೋಗಿದ್ದೇ ತಿಳಿಯುವುದಿಲ್ಲ. ಎಡ ಬಲ ಸರಿಯಾದ ಮೇಲೆ ಮೇಲೆ ಕೆಳಗೆ, ಆಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ಸ್ವಲ್ಪ ತಿರುಗಿಸಿ ನೋಡುವುದು. ಅಲುಗಾಡಿಸುವ ಮೊದಲು ಬೋಲ್ಟುಗಳ ಜಾಗಕ್ಕೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದಿಟ್ಟುಕೊಂಡರೆ ಹಳೆಯ ಜಾಗಕ್ಕಾದರೂ ಮರಳಬಹುದು. ಎಲ್‌ಎನ್‌ಬಿ ಬಾಯನ್ನೂ ಒಮ್ಮೆ ನೋಡಿ. ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಬಿರುಕು ಬಿಟ್ಟು ನೀರು ನಿಂತಿರುತ್ತದೆ, ಅಥವಾ ಕಣಜ ಮಣ್ಣಿನ ಗೂಡು ಕಟ್ಟಿರುತ್ತದೆ. ಪಾಚಿ ಹಿಡಿದ ಹೆಂಚಿನ ಮೇಲೆ, ಒದ್ದೆ ಶೀಟಿನ ಮೇಲೆ, ಕರೆಂಟ್ ತಂತಿ ಹತ್ತಿರ ಮಾತ್ರ ಹತ್ತಬೇಡಿ. ಗುಡುಗುವಾಗ ಬಾಕ್ಸಿನಿಂದ ಡಿಶ್ ಕೇಬಲ್ ಬಿಚ್ಚಿಡುವುದು ಒಳ್ಳೆಯದು, ಸಿಡಿಲು ಕಾಣುವ ಮೊದಲೇ.

ಕೆಲವು ಸಲ ಕಾರಣ ನಿಜಕ್ಕೂ ಆಕಾಶದಲ್ಲೇ ಇರುತ್ತದೆ. ಮಾರ್ಚ್ ನಡುವಿನಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನಿಗೆ ಬರುತ್ತಾನೆ. ಸೂರ್ಯನಿಂದಲೂ ರೇಡಿಯೊ ಗದ್ದಲ ಬರುತ್ತದೆ, ಅದರಲ್ಲಿ ಉಪಗ್ರಹದ ಮಾತು ಮುಳುಗಿಹೋಗುತ್ತದೆ. ದಿನಾ ಹಗಲು ಒಂದೇ ಹೊತ್ತಿಗೆ ಕೆಲವು ನಿಮಿಷ ಚಾನೆಲ್ ಹೋಗಿ ತಾನೇ ಬಂದರೆ ಇದೇ. 2010ರ ಜುಲೈನಲ್ಲಿ ಇನ್ಸಾಟ್-4ಬಿ ಉಪಗ್ರಹಕ್ಕೇ ವಿದ್ಯುತ್ ಕೊರತೆಯಾಗಿ ಸಿಗ್ನಲ್ಲನ್ನು ಹಿಡಿದು ಕೆಳಗೆ ಕಳಿಸುವ ಅದರ ಅರ್ಧ ಟ್ರಾನ್ಸ್‌ಪಾಂಡರ್‌ಗಳನ್ನು ಆರಿಸಬೇಕಾಯಿತು. ಅದರ ಮೇಲಿದ್ದ ಡಿಟಿಎಚ್ ಚಾನೆಲ್‌ಗಳು ಹೋದವು. ಆಗ ಛಾವಣಿಯಲ್ಲಿ ಏನು ತಿರುಗಿಸಿದರೂ ಅಷ್ಟೇ.

ಒಂದೇ ಚಾನೆಲ್ ಹೋಗಿದ್ದರೆ ಮೊದಲು ನೋಡಬೇಕಾದ್ದು ಪ್ಯಾಕ್. 2019ರಲ್ಲಿ ಟೀವಿ ಸೇವೆಗಳನ್ನು ನಿಯಂತ್ರಿಸುವ ಸಂಸ್ಥೆ ಟ್ರಾಯ್‌ನ ಹೊಸ ನಿಯಮ ಜಾರಿಗೆ ಬಂದ ಮೇಲೆ ಚಾನೆಲ್‌ಗಳಿಗೆ ಬಿಡಿ ಬಿಡಿ ಬೆಲೆ ಬಂತು. ಪ್ಯಾಕ್ ಬದಲಾದಾಗ ಒಂದು ಚಾನೆಲ್ ಸುಮ್ನೆ ಮಾಯವಾಗಬಹುದು. ಫ್ರೀ ಡಿಶ್‌ನಲ್ಲಿ ಖಾಸಗಿ ಚಾನೆಲ್‌ಗಳ ಜಾಗ ಹರಾಜಿನಲ್ಲಿ ಹೋಗುತ್ತದೆ. ಹರಾಜಿನ ನಂತರ ಕೆಲವು ಬರುತ್ತವೆ, ಕೆಲವು ಹೋಗುತ್ತವೆ, ಕೆಲವು ಜಾಗ ಬದಲಿಸುತ್ತವೆ. ಆಗ ಬಾಕ್ಸಿನಲ್ಲಿ ಮತ್ತೆ ಸ್ಕ್ಯಾನ್ ಮಾಡಬೇಕು. ಮಾಡಿದರೂ ಪಕ್ಕದ ಮನೆಯಲ್ಲಿ ಬರುವ ಚಾನೆಲ್ ನಿಮ್ಮಲ್ಲಿ ಬರದಿದ್ದರೆ ಬಾಕ್ಸ್ ಹಳೆಯದಿರಬಹುದು. ಚಿತ್ರವನ್ನು ಕುಗ್ಗಿಸಿ ಕಳಿಸುವ ವಿಧಾನಗಳಲ್ಲಿ ಹಳೆಯದಾದ ಎಂಪೆಗ್-2 ಮಾತ್ರ ಗೊತ್ತಿರುವ ಹಳೆ ಬಾಕ್ಸುಗಳು ಹೊಸದಾದ ಎಂಪೆಗ್-4ರಲ್ಲಿ ಬರುವ ಚಾನೆಲ್‌ಗಳನ್ನು ತೋರಿಸುವುದಿಲ್ಲ. ಸ್ಕ್ಯಾನ್ ಮಾಡುವ ಮೊದಲು ಕ್ವಾಲಿಟಿ ನೋಡಿ. ಮಳೆಯಲ್ಲಿ, ಸಿಗ್ನಲ್ ಇಲ್ಲದಾಗ ಸ್ಕ್ಯಾನ್ ಮಾಡಿದರೆ ಕೆಲವು ಬಾಕ್ಸುಗಳಲ್ಲಿ ಇದ್ದ ಪಟ್ಟಿಯೂ ಅಳಿಸಿಹೋಗುತ್ತದೆ.

ಇಷ್ಟೆಲ್ಲ ನೋಡಿಯೂ ಮೆಕ್ಯಾನಿಕ್ಕನ್ನು ಕರೆಯಬೇಕಾಗಬಹುದು. ಕರೆಯಿರಿ, ಆದರೆ ಗೊತ್ತಿದ್ದದ್ದನ್ನು ಹೇಳಿ. "ಅರ್ಧ ಚಾನೆಲ್ ಬರ್ತಿದೆ, ಮಳೆ ಇಲ್ಲದಾಗಲೂ ಹೀಗೇ" ಎಂದರೆ ಅವರು ಪಿನ್ನು, ಎಲ್‌ಎನ್‌ಬಿ ಹಿಡಿದುಕೊಂಡೇ ಬರುತ್ತಾರೆ. ಚೆನ್ನಾಗಿ ಬಿಸಿಲಿರುವ ದಿನ, ಎಲ್ಲ ಚಾನೆಲ್ ಬರುವಾಗ, ಸಿಗ್ನಲ್ ಪುಟ ತೆರೆದು ಎರಡೂ ಅಂಕೆ ಬರೆದಿಟ್ಟುಕೊಳ್ಳಿ. ಬಾಕ್ಸಿನಿಂದ ಬಾಕ್ಸಿಗೆ ಈ ಅಂಕೆ ಬೇರೆ ಇರುತ್ತದೆ, ಹಾಗಾಗಿ ನಿಮ್ಮ ಮನೆಯ ಅಂಕೆಯೇ ನಿಮಗೆ ಅಳತೆ. ಅಮ್ಮ ಅದನ್ನು ಅಡುಗೆಮನೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿದ್ದಾರೆ. ಆಗಸ್ಟ್‌ನಲ್ಲಿ ಮತ್ತೆ ಫೋನ್ ಮಾಡಿದರು. "ಎಲ್ಲಾ ಬರ್ತಿದೆ. ಆದರೆ ಕ್ವಾಲಿಟಿ 78 ಇದ್ದದ್ದು 60ಕ್ಕೆ ಇಳಿದಿದೆ. ಮುಂದಿನ ಸಲ ಬಂದಾಗ ಆ ಮರದ ಸೋಗೆ ಒಮ್ಮೆ ನೋಡು."